ಡೀಸೆಲ್ ಕಾರು ಈಗಲೂ ಅಗ್ಗವೇ? ಒಂದು ಸ್ಟಾರ್ಟಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕ

ಕಾರು ಕೊಳ್ಳಲು ಹೊರಟವರ ತಲೆ ಕೆಡಿಸಲು 2025ರ ಒಂದೇ ವರ್ಷ ಸಾಕಾಯಿತು. ಏಪ್ರಿಲ್ 1ರಂದು ಕರ್ನಾಟಕ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು, ಬಂಕಿನಲ್ಲಿ ಲೀಟರಿಗೆ ಎರಡು ರೂಪಾಯಿ ಜಾಸ್ತಿಯಾಯಿತು. ಜುಲೈ 1ರಿಂದ ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರಿಗೆ, ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರಿಗೆ ಬಂಕಿನಲ್ಲಿ ಇಂಧನವನ್ನೇ ಹಾಕಬಾರದೆಂಬ ನಿಯಮ ಬಂತು, ಜನ ಸಿಟ್ಟಿಗೆದ್ದ ಕೆಲವೇ ದಿನಗಳಲ್ಲಿ ನಿಂತೂ ಹೋಯಿತು. ಆಗಸ್ಟ್ ಹೊತ್ತಿಗೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲಿನಿಂದ ಮೈಲೇಜ್ ಬೀಳುತ್ತಿದೆ ಎಂಬ ಗಲಾಟೆ. ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರಗಳೇ ಬದಲಾಗಿ ಕಾರುಗಳ ಬೆಲೆಪಟ್ಟಿ ತಲೆಕೆಳಗಾಯಿತು.

ಒಂದು ಸುದ್ದಿ ಓದಿದರೆ ಡೀಸೆಲ್ ಸಹವಾಸ ಬೇಡ ಅನಿಸುತ್ತದೆ, ಇನ್ನೊಂದು ಓದಿದರೆ ಪೆಟ್ರೋಲ್ ಬೇಡ ಅನಿಸುತ್ತದೆ. ಶೋರೂಮಿನಲ್ಲಿ ವಿಚಾರಿಸಿದರೆ ಸಿಗುವುದು ಹಳೆಯ ಸೂತ್ರವೇ: ತಿಂಗಳಿಗೆ 1,500 ಕಿ.ಮೀ. ಮೇಲೆ ಓಡಿಸುವುದಾದರೆ ಡೀಸೆಲ್, ಇಲ್ಲವಾದರೆ ಪೆಟ್ರೋಲ್. ಈ ಸೂತ್ರ ಪೂರ್ತಿ ಸುಳ್ಳಲ್ಲ. ಆದರೆ 2020ರ ನಂತರದ ಡೀಸೆಲ್ ಕಾರಿಗೆ ಇದು ಅರ್ಧ ಸತ್ಯ ಮಾತ್ರ. ತಿಂಗಳಿಗೆ ಎಷ್ಟು ಓಡುತ್ತದೆ ಎನ್ನುವಷ್ಟೇ ಮುಖ್ಯವಾದ ಪ್ರಶ್ನೆ, ಒಮ್ಮೆ ಸ್ಟಾರ್ಟ್ ಮಾಡಿದರೆ ಎಷ್ಟು ದೂರ ಓಡುತ್ತದೆ ಎನ್ನುವುದು. ಏಕೆಂಬುದನ್ನು ಬಿಲ್ಲಿನಿಂದ ಹಿಡಿದು ಸೈಲೆನ್ಸರ್‌ವರೆಗೆ ಒಂದೊಂದಾಗಿ ನೋಡೋಣ.

ಹಳೆಯ ಸೂತ್ರ ಹುಟ್ಟಿದ್ದು ಹೀಗೆ

ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ ಸಡಿಲವಾದದ್ದು 2010ರ ಜೂನ್‌ನಲ್ಲಿ. ಡೀಸೆಲ್‌ಗೆ ಆ ಸ್ವಾತಂತ್ರ್ಯ ಸಿಕ್ಕಿದ್ದು 2014ರ ಅಕ್ಟೋಬರ್‌ನಲ್ಲಿ. ನಡುವಿನ ನಾಲ್ಕು ವರ್ಷ ಪೆಟ್ರೋಲ್ ಮಾರುಕಟ್ಟೆಯ ಜೊತೆ ಏರುತ್ತಾ ಹೋಯಿತು, ಡೀಸೆಲ್ ಸಬ್ಸಿಡಿಯ ನೆರಳಲ್ಲಿ ಕೂತಿತ್ತು. 2012ರ ಮೇ ತಿಂಗಳ ಏರಿಕೆಯ ನಂತರ ದೆಹಲಿಯಲ್ಲಿ ಪೆಟ್ರೋಲ್ 73.18 ರೂಪಾಯಿ, ಡೀಸೆಲ್ 40.91 ರೂಪಾಯಿ. ಅಂದರೆ ಲೀಟರಿಗೆ 32 ರೂಪಾಯಿ ಅಂತರ. ಆ ಹೊತ್ತಿನಲ್ಲಿ ದೇಶದಲ್ಲಿ ಮಾರಾಟವಾಗುತ್ತಿದ್ದ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕೂ ಹೆಚ್ಚು ಡೀಸೆಲ್ ಆಗಿದ್ದರಲ್ಲಿ ಆಶ್ಚರ್ಯವಿಲ್ಲ.

2025ರ ಕೊನೆಗೆ ಬೆಂಗಳೂರಿನಲ್ಲಿ ಪೆಟ್ರೋಲ್ ಸುಮಾರು 103, ಡೀಸೆಲ್ ಸುಮಾರು 91 ಇತ್ತು. ಅಂತರ 12 ರೂಪಾಯಿಗೆ ಇಳಿದಿತ್ತು. ಬರೀ ಅಂತರಕ್ಕಿಂತ ಪಾಲು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ: 2012ರಲ್ಲಿ ಪೆಟ್ರೋಲಿಗೆ ನೂರು ರೂಪಾಯಿ ಕೊಡುವಲ್ಲಿ ಡೀಸೆಲ್ಲಿಗೆ 56 ಸಾಕಿತ್ತು, 2025ರ ಕೊನೆಗೆ 88 ಬೇಕಿತ್ತು. ಡೀಸೆಲ್ ಕಾರುಗಳ ಪಾಲು ಈಗ ಐದರಲ್ಲಿ ಒಂದರ ಆಸುಪಾಸಿಗೆ ಬಂದಿದೆ. ಮಾರುತಿ ಸುಜುಕಿ 2020ರ ಏಪ್ರಿಲ್‌ನಲ್ಲೇ ಡೀಸೆಲ್ ನಿಲ್ಲಿಸಿತು; ಫೋಕ್ಸ್‌ವ್ಯಾಗನ್, ಸ್ಕೋಡಾ, ರೆನೊ, ಹೋಂಡಾ ಕೂಡ ಕೈಬಿಟ್ಟವು. ಮಹೀಂದ್ರ, ಟಾಟಾ, ಹ್ಯುಂಡೈ, ಕಿಯಾ, ಟೊಯೊಟಾ ಉಳಿಸಿಕೊಂಡಿವೆ, ಅದೂ ಬಹುತೇಕ ಎಸ್‌ಯುವಿ ಮತ್ತು ದೊಡ್ಡ ಕಾರುಗಳಲ್ಲಿ. ಸಣ್ಣ ಕಾರಿನಲ್ಲಿ ಡೀಸೆಲ್ ಹುಡುಕುವುದೇ ಕಷ್ಟವಾಗಿದೆ.

ಇದಕ್ಕೆ ಮುಖ್ಯ ಕಾರಣ 2020ರ ಏಪ್ರಿಲ್ 1ರಂದು ಜಾರಿಯಾದ, ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ಮಾನದಂಡ. ಡೀಸೆಲ್ ಕಾರು ಉಗುಳಬಹುದಾದ ಮಸಿಯ ಮಿತಿ ಕಿ.ಮೀ.ಗೆ 0.025 ಗ್ರಾಂನಿಂದ 0.0045 ಗ್ರಾಂಗೆ, ನೈಟ್ರೋಜನ್ ಆಕ್ಸೈಡ್‌ಗಳ ಮಿತಿ 0.25ರಿಂದ 0.08 ಗ್ರಾಂಗೆ ಇಳಿಯಿತು. ಇದನ್ನು ಸಾಧಿಸಲು ಸೈಲೆನ್ಸರ್ ದಾರಿಯಲ್ಲಿ ಒಂದು ಸಣ್ಣ ರಾಸಾಯನಿಕ ಕಾರ್ಖಾನೆಯನ್ನೇ ಕೂರಿಸಬೇಕಾಯಿತು. ಪೆಟ್ರೋಲ್ ಕಾರಿನಲ್ಲಿ ಮಾಡಬೇಕಾದ ಬದಲಾವಣೆ ಇದಕ್ಕೆ ಹೋಲಿಸಿದರೆ ಅಲ್ಪ. ಚಿಕ್ಕ ಕಾರಿನ ಬೆಲೆಗೆ ಅಷ್ಟೊಂದು ಖರ್ಚು ಸೇರಿಸಿದರೆ ಯಾರೂ ಕೊಳ್ಳುವುದಿಲ್ಲ ಎಂಬುದು ಕಂಪನಿಗಳ ಲೆಕ್ಕಾಚಾರವಾಗಿತ್ತು.

ಡೀಸೆಲ್ ಹೆಚ್ಚು ಓಡುವುದು ಏಕೆ

ಎರಡು ಕಾರಣ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿಯಿದ್ದರೆ ಪೆಟ್ರೋಲಿನಲ್ಲಿ ಸುಮಾರು 32. ಜೊತೆಗೆ ಡೀಸೆಲ್ ಎಂಜಿನ್ ಗಾಳಿಯನ್ನು ಹೆಚ್ಚು ಒತ್ತುತ್ತದೆ, ಪೆಟ್ರೋಲಿನಂತೆ ಥ್ರಾಟಲ್ ಬಾಗಿಲು ಅರ್ಧ ಮುಚ್ಚಿಕೊಂಡು ಗಾಳಿ ಎಳೆಯಲು ಒದ್ದಾಡುವುದಿಲ್ಲ. 1.5 ಲೀಟರಿನ ಸಾಮಾನ್ಯ ಪೆಟ್ರೋಲ್ ಎಂಜಿನ್ 144 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುವಲ್ಲಿ ಅದೇ ಗಾತ್ರದ ಟರ್ಬೊ ಡೀಸೆಲ್ 250 ಕೊಡುತ್ತದೆ, ಅದೂ ಕಡಿಮೆ ಆರ್‌ಪಿಎಂನಲ್ಲಿ. ಐದು ಜನ, ಡಿಕ್ಕಿ ತುಂಬ ಲಗೇಜು ತುಂಬಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಮತ್ತೆ ಮತ್ತೆ ಗೇರು ಇಳಿಸದೆ ಹೋಗಬಹುದು. ತೂಕ ಹೆಚ್ಚಿದಷ್ಟೂ, ರಸ್ತೆ ಉದ್ದವಾದಷ್ಟೂ ಡೀಸೆಲ್‌ನ ಮೇಲುಗೈ ಹೆಚ್ಚುತ್ತದೆ.

ಶೋರೂಮಿನ ಬಿಲ್ಲಿನಲ್ಲಿ ಅಡಗಿರುವ ಮೆಟ್ಟಿಲು

ಸೆಪ್ಟೆಂಬರ್ 2025ರವರೆಗೆ ನಾಲ್ಕು ಮೀಟರ್ ಒಳಗಿನ ಸಣ್ಣ ಪೆಟ್ರೋಲ್ ಕಾರಿಗೆ ಜಿಎಸ್‌ಟಿ, ಸೆಸ್ ಸೇರಿ ಶೇ 29, ಸಣ್ಣ ಡೀಸೆಲ್‌ಗೆ ಶೇ 31 ಇತ್ತು. ಈಗ ನಾಲ್ಕು ಮೀಟರ್ ಒಳಗಿನ, 1200 ಸಿಸಿವರೆಗಿನ ಪೆಟ್ರೋಲ್, 1500 ಸಿಸಿವರೆಗಿನ ಡೀಸೆಲ್ ಎರಡಕ್ಕೂ ಶೇ 18. ಅದಕ್ಕಿಂತ ದೊಡ್ಡದಕ್ಕೆಲ್ಲ ಶೇ 40. ಅಂದರೆ ಸಣ್ಣ ಡೀಸೆಲ್ ಮೇಲಿದ್ದ ಶೇ 2ರ ದಂಡ ಹೋಯಿತು. ಡೀಸೆಲ್ ಪರವಾಗಿ ಬಂದ ಏಕೈಕ ಸುದ್ದಿ ಇದು.

ಕರ್ನಾಟಕದಲ್ಲಿ ನಿಜವಾಗಿ ನೋಡಬೇಕಾದದ್ದು ಆಜೀವ ರಸ್ತೆ ತೆರಿಗೆ. ಇಲ್ಲಿ ಡೀಸೆಲ್, ಪೆಟ್ರೋಲ್ ಎಂಬ ಭೇದವಿಲ್ಲ. ಕಾರಿನ ಬೆಲೆಯ ಮೇಲೆ ಸ್ಲ್ಯಾಬ್. ಐದು ಲಕ್ಷದವರೆಗೆ ಶೇ 13, ಹತ್ತು ಲಕ್ಷದವರೆಗೆ ಶೇ 14, ಇಪ್ಪತ್ತು ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಗಮನಿಸಿ: ಸ್ಲ್ಯಾಬ್ ದಾಟಿದರೆ ದಾಟಿದ ಭಾಗಕ್ಕೆ ಮಾತ್ರವಲ್ಲ, ಇಡೀ ಬೆಲೆಗೆ ಹೊಸ ದರ.

ಒಂದೇ ಮಾದರಿಯ ಪೆಟ್ರೋಲ್ ಕಾರಿನ ಎಕ್ಸ್ ಶೋರೂಂ ಬೆಲೆ 9.6 ಲಕ್ಷ, ಡೀಸೆಲ್‌ನದು 10.8 ಲಕ್ಷ ಎಂದಿಟ್ಟುಕೊಳ್ಳಿ. ಪೆಟ್ರೋಲಿಗೆ ಶೇ 14 ಮತ್ತು ಸೆಸ್ ಸೇರಿ 1,49,184 ರೂಪಾಯಿ ತೆರಿಗೆ. ಡೀಸೆಲ್‌ಗೆ ಶೇ 17 ಮತ್ತು ಸೆಸ್ ಸೇರಿ 2,03,796 ರೂಪಾಯಿ. ಬೆಲೆಯ ವ್ಯತ್ಯಾಸ 1.2 ಲಕ್ಷವಾದರೆ ತೆರಿಗೆಯ ವ್ಯತ್ಯಾಸವೇ 54,612. ಎರಡೂ ಒಂದೇ ಸ್ಲ್ಯಾಬಿನಲ್ಲಿದ್ದಿದ್ದರೆ ಅದು 18,648 ಮಾತ್ರ ಆಗುತ್ತಿತ್ತು. ಹತ್ತು ಲಕ್ಷದ ಗೆರೆಯ ಆಚೀಚೆ ಇರುವ ಸಣ್ಣ ಎಸ್‌ಯುವಿ ಕೊಳ್ಳುವವರು ಈ ಮೆಟ್ಟಿಲನ್ನು ಎಡವುವುದೇ ಹೆಚ್ಚು.

ಇನ್ಶೂರೆನ್ಸ್‌ನಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ ಇಂಧನವನ್ನು ನೋಡುವುದಿಲ್ಲ, ಸಿಸಿ ನೋಡುತ್ತದೆ. 2022ರ ಜೂನ್‌ನಲ್ಲಿ ಬಂದ ದರದಂತೆ ಸಾವಿರ ಸಿಸಿ ಒಳಗಿನದಕ್ಕೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿಗೆ 3,416. ಸ್ವಂತ ಹಾನಿಯ ಭಾಗ ಮಾತ್ರ ಕಾರಿನ ಬೆಲೆಗೆ ತಕ್ಕಂತೆ ಡೀಸೆಲ್‌ಗೆ ಒಂದಿಷ್ಟು ಹೆಚ್ಚಾಗುತ್ತದೆ.

ಹೆಚ್ಚು ಕೊಟ್ಟ ಹಣ ಯಾವಾಗ ವಾಪಸ್ಸು ಬರುತ್ತದೆ

ಮಧ್ಯಮ ಗಾತ್ರದ 1.5 ಲೀಟರ್ ಎಸ್‌ಯುವಿ ಒಂದನ್ನು ತೆಗೆದುಕೊಳ್ಳೋಣ. ಎರಡೂ ಮಾದರಿ ಹತ್ತರಿಂದ ಇಪ್ಪತ್ತು ಲಕ್ಷದ ಸ್ಲ್ಯಾಬಿನಲ್ಲಿವೆ, ಡೀಸೆಲ್ ಒಂದೂವರೆ ಲಕ್ಷ ದುಬಾರಿ. ತೆರಿಗೆ, ಸೆಸ್ ಸೇರಿ ಅದರ ಮೇಲೆ 28,305 ರೂಪಾಯಿ. ಮೊದಲ ವರ್ಷದ ಇನ್ಶೂರೆನ್ಸ್ ವ್ಯತ್ಯಾಸ ನಾಲ್ಕು ಸಾವಿರ ಎಂದು ಹಿಡಿದರೆ ಕೈಯಿಂದ ಹೋದ ಹೆಚ್ಚುವರಿ ಹಣ 1,82,305.

ಓಡಿಸುವ ಖರ್ಚಿಗೆ ಕಂಪನಿಯ ಜಾಹೀರಾತಿನ ಮೈಲೇಜ್ ಬೇಡ. ಊರು, ಹೈವೇ ಎರಡೂ ಬೆರೆತ ಬಳಕೆಯಲ್ಲಿ ಪೆಟ್ರೋಲ್ 13, ಡೀಸೆಲ್ 17 ಕೊಡುತ್ತದೆ ಎಂದುಕೊಳ್ಳೋಣ. ಪೆಟ್ರೋಲ್‌ಗೆ ಮೇಲಿನ ದರದಂತೆ ಕಿ.ಮೀ.ಗೆ 7.92 ರೂಪಾಯಿ, ಡೀಸೆಲ್‌ಗೆ 5.35. ಉಳಿತಾಯ 2.57. ಇಷ್ಟಕ್ಕೇ ನಿಲ್ಲಿಸಿ ಲೆಕ್ಕ ಹೇಳುವವರು ಬಹಳ ಮಂದಿ. ಡೀಸೆಲ್‌ನ ಉಳಿದ ಖರ್ಚನ್ನೂ ಕಳೆಯಬೇಕು. ಎಂಜಿನ್ ಆಯಿಲ್ ಹೆಚ್ಚು ಬೇಕು: 1.2 ಲೀಟರಿನ ಪೆಟ್ರೋಲ್ ಎಂಜಿನ್‌ಗೆ ಮೂರೂವರೆ ಲೀಟರ್ ಆಸುಪಾಸಿನಲ್ಲಿ ಮುಗಿದರೆ 1.5 ಡೀಸೆಲ್‌ಗೆ ಐದು ಲೀಟರ್ ಹತ್ತಿರ, ಅದೂ ಕಡಿಮೆ ಬೂದಿ ಬಿಡುವ ದುಬಾರಿ ಆಯಿಲ್. ಡೀಸೆಲ್ ಫಿಲ್ಟರ್ ಬೇರೆ. ಹತ್ತು ಸಾವಿರ ಕಿ.ಮೀ.ಗೆ ಮೂರೂವರೆ ಸಾವಿರ ಹೆಚ್ಚುವರಿ ಎಂದರೆ ಕಿ.ಮೀ.ಗೆ 35 ಪೈಸೆ. ಹೊಗೆಯ ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ಡಿಇಎಫ್ ಎಂಬ ಯೂರಿಯಾ ದ್ರಾವಣ ಸಾವಿರ ಕಿ.ಮೀ.ಗೆ ಒಂದು ಲೀಟರ್, ಲೀಟರಿಗೆ 70 ರೂಪಾಯಿ ಎಂದರೆ ಇನ್ನು 7 ಪೈಸೆ. ಕೈಗುಳಿಯುವುದು 2.15 ರೂಪಾಯಿ.

1,82,305ನ್ನು 2.15ರಿಂದ ಭಾಗಿಸಿದರೆ ಸುಮಾರು 85,000 ಕಿ.ಮೀ. ವರ್ಷಕ್ಕೆ 8,000 ಓಡಿಸುವವರಿಗೆ ಹತ್ತೂವರೆ ವರ್ಷ, 12,000 ಓಡಿಸುವವರಿಗೆ ಏಳು, 20,000 ಓಡಿಸುವವರಿಗೆ ನಾಲ್ಕು ವರ್ಷ ಚಿಲ್ಲರೆ. ಹೆಚ್ಚುವರಿ ಹಣವನ್ನೂ ಸಾಲದಲ್ಲೇ ಹಾಕಿದರೆ, ಶೇ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ 1.8 ಲಕ್ಷದ ಮೇಲೆ ಬಡ್ಡಿಯೇ 44,000 ದಾಟುತ್ತದೆ. ಆಗ ಹಣ ವಾಪಸ್ಸಾಗುವ ಗೆರೆ ಒಂದು ಲಕ್ಷದ ಐದು ಸಾವಿರ ಕಿ.ಮೀ.ಗೆ ಹೋಗುತ್ತದೆ.

ಮೇಲೆ ಹೇಳಿದ, ಸ್ಲ್ಯಾಬ್ ದಾಟುವ ಸಣ್ಣ ಕಾರಿಗೆ ಇದೇ ಲೆಕ್ಕ ಹಾಕಿ. ಪೆಟ್ರೋಲ್ 16, ಡೀಸೆಲ್ 20 ಮೈಲೇಜ್ ಎಂದರೆ ಖರ್ಚುಗಳೆಲ್ಲ ಕಳೆದು ಉಳಿಯುವುದು ಕಿ.ಮೀ.ಗೆ ಒಂದೂವರೆ ರೂಪಾಯಿಗೂ ತುಸು ಕಡಿಮೆ. ಹಣ ವಾಪಸ್ಸಾಗಲು ಹತ್ತಿರ ಹತ್ತಿರ 1,20,000 ಕಿ.ಮೀ. ಬೇಕು. ಚಿಕ್ಕ ಕಾರಿಗೆ ಡೀಸೆಲ್ ಹೊಂದದ ಗುಟ್ಟು ಇಲ್ಲೇ ಇದೆ: ಪೆಟ್ರೋಲೇ ಕಡಿಮೆ ಕುಡಿಯುವಾಗ ಉಳಿಸಲು ಏನೂ ಉಳಿದಿರುವುದಿಲ್ಲ.

ನಿಮ್ಮ ಲೆಕ್ಕಕ್ಕೆ ನಿಮ್ಮದೇ ಅಂಕಿ ಬೇಕು. ಈಗಿರುವ ಕಾರಿನ ಟ್ಯಾಂಕ್ ತುಂಬಿಸಿ, ನಾಝಲ್ ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸಲು ಹೇಳಿ, ಮೀಟರ್ ಬರೆದಿಟ್ಟುಕೊಳ್ಳಿ. ಕನಿಷ್ಠ 300 ಕಿ.ಮೀ. ಓಡಿಸಿ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಕಟ್ ಆಗುವವರೆಗೆ ತುಂಬಿಸಿ. ಓಡಿದ ದೂರವನ್ನು ಎರಡನೇ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿ. ಡ್ಯಾಶ್‌ಬೋರ್ಡಿನ ಅಂಕಿ ಸಾಮಾನ್ಯವಾಗಿ ಇದಕ್ಕಿಂತ ಸಿಹಿಯಾಗಿರುತ್ತದೆ.

ಸೈಲೆನ್ಸರ್ ಒಳಗಿನ ಫಿಲ್ಟರ್ ಕೇಳುವ ಬೆಲೆ

ಇಲ್ಲಿಯವರೆಗಿನದು ಕಾಗದದ ಲೆಕ್ಕ. ಕಾಗದಕ್ಕೆ ಸಿಗದ ಖರ್ಚು ಇರುವುದು ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರಿನಲ್ಲಿ.

ಜೇನುಗೂಡಿನಂಥ ಸೆರಾಮಿಕ್ ತುಂಡು ಅದು. ಒಂದು ತೂತು ಮುಂದೆ ತೆರೆದು ಹಿಂದೆ ಮುಚ್ಚಿರುತ್ತದೆ, ಪಕ್ಕದ್ದು ಅದರ ತಿರುಗು. ಹೊಗೆ ಗೋಡೆಯ ಮೂಲಕವೇ ಸೋಸಿಕೊಂಡು ಹೋಗಬೇಕು, ಮಸಿ ಗೋಡೆಗೆ ಅಂಟುತ್ತದೆ. ಅಂಟಿದ್ದನ್ನು ಸುಡಬೇಕು. ಹೈವೇಯಲ್ಲಿ ಸೈಲೆನ್ಸರ್ ಬಿಸಿ ಏರಿದಾಗ ಸ್ವಲ್ಪ ತಾನಾಗಿಯೇ ಸುಡುತ್ತದೆ. ಉಳಿದದ್ದಕ್ಕೆ ಕಾರಿನ ಕಂಪ್ಯೂಟರ್ ಕೆಲವು ನೂರು ಕಿ.ಮೀ.ಗೊಮ್ಮೆ ರೀಜೆನರೇಷನ್ ಶುರು ಮಾಡುತ್ತದೆ: ಇಂಜೆಕ್ಟರಿನಿಂದ ತಡವಾಗಿ ಒಂದಿಷ್ಟು ಡೀಸೆಲ್ ಚಿಮ್ಮಿಸಿ, ಅದನ್ನು ಮುಂದಿನ ಕ್ಯಾಟಲಿಸ್ಟ್‌ನಲ್ಲಿ ಉರಿಸಿ, ಫಿಲ್ಟರಿನ ಬಿಸಿಯನ್ನು 600 ಡಿಗ್ರಿ ಹತ್ತಿರಕ್ಕೆ ಒಯ್ಯುತ್ತದೆ. ಹದಿನೈದು ಇಪ್ಪತ್ತು ನಿಮಿಷ ಇದು ತಡೆಯಿಲ್ಲದೆ ನಡೆಯಬೇಕು.

ಹುಬ್ಬಳ್ಳಿಯಿಂದ ಬೆಳಗಾವಿಗೆ ಹೋಗುವ ಕಾರಿನಲ್ಲಿ ಇದು ಓಡಿಸುವವರಿಗೆ ಗೊತ್ತೂ ಆಗದೆ ಮುಗಿದುಹೋಗುತ್ತದೆ. ಜಯನಗರದ ಮನೆಯಿಂದ ಬನಶಂಕರಿಗೆ ಮಕ್ಕಳನ್ನು ಬಿಟ್ಟು ಬರುವ ಕಾರಿನ ಕಥೆ ಬೇರೆ. ಐದಾರು ಕಿ.ಮೀ., ಏಳೆಂಟು ಸಿಗ್ನಲ್. ಎಂಜಿನ್ ಬಿಸಿಯಾಗುವ ಹೊತ್ತಿಗೆ ಪಾರ್ಕಿಂಗ್ ಬಂದಿರುತ್ತದೆ. ರೀಜೆನರೇಷನ್ ಶುರುವಾಗುತ್ತದೆ, ಕೀ ತಿರುಗಿಸಿದಾಗ ಅರ್ಧಕ್ಕೇ ನಿಲ್ಲುತ್ತದೆ. ಮರುದಿನ ಮತ್ತೆ ಶುರು, ಮತ್ತೆ ಅರ್ಧ. ಪ್ರತಿ ಸಲ ಚಿಮ್ಮಿಸಿದ ಡೀಸೆಲ್‌ನಲ್ಲಿ ಒಂದು ಪಾಲು ಉರಿಯದೆ ಸಿಲಿಂಡರ್ ಗೋಡೆಯ ಮೇಲಿಂದ ಜಾರಿ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಬೆಳಿಗ್ಗೆ ತಣ್ಣಗಿರುವಾಗ ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಹಾಕಿ ತೆಗೆಯಿರಿ. ಆಯಿಲ್ ಕಡಿಮೆಯಾಗುವುದು ಎಂಜಿನ್‌ಗಳ ಸ್ವಭಾವ. ಸರ್ವಿಸ್ ಆದ ದಿನ ಮೇಲಿನ ಗುರುತಿನ ಹತ್ತಿರವಿದ್ದ ಆಯಿಲ್ ಮೂರು ತಿಂಗಳಲ್ಲಿ ಆ ಗುರುತನ್ನು ದಾಟಿ ಮೇಲೆ ಬಂದಿದ್ದರೆ, ಬೆರಳಿಗೆ ನೀರಾಗಿ ತಾಕಿದರೆ, ಮೂಸಿದಾಗ ಡೀಸೆಲ್ ಘಾಟು ಹೊಡೆದರೆ, ಒಳಗೆ ಇಂಧನ ಬೆರೆತಿದೆ ಎಂದರ್ಥ. ತೆಳುವಾದ ಆಯಿಲ್ ಟರ್ಬೊದ ಬೇರಿಂಗನ್ನೂ ಕ್ರ್ಯಾಂಕಿನ ಬೇರಿಂಗನ್ನೂ ಕಾಪಾಡಲಾರದು. ಕಿ.ಮೀ. ಆಗಿಲ್ಲವೆಂದು ಕಾಯದೆ ಆಯಿಲ್ ಬದಲಿಸಬೇಕು.

ಡಿಪಿಎಫ್ ದೀಪ ಹಳದಿಯಾಗಿ ಹತ್ತಿದರೆ ಗಾಬರಿ ಬೇಡ, ಅಸಡ್ಡೆಯೂ ಬೇಡ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇರುವಂತೆ ನೋಡಿಕೊಂಡು ನೈಸ್ ರಸ್ತೆ, ತುಮಕೂರು ರಸ್ತೆಯಂಥ ತಡೆಯಿಲ್ಲದ ಕಡೆ ಹೋಗಿ. ಒಂದು ಗೇರು ಕೆಳಗಿಟ್ಟು ಆರ್‌ಪಿಎಂ 2,000ದ ಮೇಲೆ ಉಳಿಸಿಕೊಂಡು 60ರಿಂದ 80ರ ವೇಗದಲ್ಲಿ ಇಪ್ಪತ್ತೈದು ನಿಮಿಷ ಓಡಿಸಿ. ನಿಂತಾಗ ಐಡಲ್ ಆರ್‌ಪಿಎಂ ಎಂದಿನ 800ರಿಂದ ಸಾವಿರದ ಹತ್ತಿರಕ್ಕೆ ಏರಿರುವುದು, ಫ್ಯಾನ್ ಜೋರಾಗಿ ತಿರುಗುವುದು, ಬಿಸಿ ಲೋಹದ ವಾಸನೆ, ಇವು ಸುಡುವ ಕೆಲಸ ನಡೆಯುತ್ತಿರುವ ಲಕ್ಷಣ. ಇವು ಕಂಡರೆ ಮನೆ ಮುಂದೆ ಬಂದಿದ್ದರೂ ಆಫ್ ಮಾಡದೆ ಇನ್ನೊಂದು ಸುತ್ತು ಹೋಗಿ ಬನ್ನಿ. ಪಾರ್ಕ್ ಮಾಡುವಾಗ ಕೆಳಗೆ ಒಣಹುಲ್ಲು, ತರಗೆಲೆ ಇರಬಾರದು.

ದೀಪವನ್ನು ಲೆಕ್ಕಿಸದೆ ಓಡಿಸಿದರೆ ಕಾರು ತಾನೇ ಶಕ್ತಿ ಕಡಿತ ಮಾಡಿಕೊಂಡು ಕುಂಟುತ್ತದೆ. ಆಗ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿ ಬಲವಂತವಾಗಿ ಸುಡಿಸಬೇಕು. ಅದಕ್ಕೂ ಬಗ್ಗದಷ್ಟು ತುಂಬಿದ್ದರೆ ಫಿಲ್ಟರ್ ಬದಲಿಸಬೇಕಾಗುತ್ತದೆ. ಮಾದರಿಯ ಮೇಲೆ ಆ ಬಿಲ್ಲು ಲಕ್ಷದ ಆಸುಪಾಸಿಗೂ ಹೋಗಬಹುದು. ಐದು ವರ್ಷ ಪೈಸೆ ಪೈಸೆ ಉಳಿಸಿದ್ದು ಒಂದೇ ಮಧ್ಯಾಹ್ನ ಕರಗುವುದು ಹೀಗೆ. ಫಿಲ್ಟರನ್ನು ಒಡೆದು ಖಾಲಿ ಡಬ್ಬ ಕೂರಿಸಿಕೊಡುತ್ತೇವೆ ಎನ್ನುವ ಗ್ಯಾರೇಜುಗಳಿವೆ. ಅದು ಕಾನೂನುಬಾಹಿರ, ವಾರಂಟಿ ಹೋಗುತ್ತದೆ, ಹಿಂದೆ ಬರುವ ಸ್ಕೂಟರಿನವರ ಮೂಗಿಗೆ ಆ ಮಸಿ ನೇರ ಹೋಗುತ್ತದೆ. ದಯವಿಟ್ಟು ಮಾಡಿಸಬೇಡಿ.

2023ರ ಏಪ್ರಿಲ್‌ನಲ್ಲಿ ಬಂದ ಬಿಎಸ್-6ರ ಎರಡನೇ ಹಂತದ ನಂತರ ಅನೇಕ ಡೀಸೆಲ್ ಕಾರುಗಳಿಗೆ ಡಿಇಎಫ್ ಟ್ಯಾಂಕೂ ಬಂದಿದೆ. ಶೇ 32.5 ಯೂರಿಯಾ, ಉಳಿದದ್ದು ಶುದ್ಧೀಕರಿಸಿದ ನೀರು. ಖರ್ಚು ದೊಡ್ಡದಲ್ಲ, ಮರೆವು ದೊಡ್ಡದು. ಟ್ಯಾಂಕ್ ಬರಿದಾಗುವ ಮುಂಚೆ ಮೀಟರ್ ಇಷ್ಟು ಕಿ.ಮೀ. ಉಳಿದಿದೆ ಎಂದು ಎಣಿಸುತ್ತಾ ಬರುತ್ತದೆ; ಸೊನ್ನೆಯಾದ ಮೇಲೆ ಆಫ್ ಮಾಡಿದರೆ ಎಂಜಿನ್ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ನೀಲಿ ಮುಚ್ಚಳದ ಆ ದ್ರಾವಣವನ್ನು ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದರೆ ಕೀ ಹಾಕಲೇಬಾರದು, ಕಾರನ್ನು ಎಳೆಸಿಕೊಂಡು ಹೋಗಿ ಟ್ಯಾಂಕ್ ಖಾಲಿ ಮಾಡಿಸಬೇಕು. ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕಿದಾಗಲೂ ಇದೇ ನಿಯಮ: ಕಾಮನ್ ರೈಲಿನ ಪಂಪು ಡೀಸೆಲ್‌ನ ಜಿಡ್ಡಿನಲ್ಲೇ ಬದುಕುವುದು, ಪೆಟ್ರೋಲ್ ಆ ಜಿಡ್ಡನ್ನು ತೊಳೆದುಬಿಡುತ್ತದೆ. ಪಂಪು ಸವೆದು ಬಿಡುವ ಲೋಹದ ಪುಡಿ ನಾಲ್ಕೂ ಇಂಜೆಕ್ಟರ್ ಸೇರುತ್ತದೆ.

ಪೆಟ್ರೋಲ್ ಕಡೆಯ ತಲೆನೋವು: ಇ20

ಎಥನಾಲ್‌ನಲ್ಲಿ ಲೀಟರಿಗೆ ಸುಮಾರು 21 ಮೆಗಾಜೂಲ್ ಮಾತ್ರ. ಶೇ 20 ಬೆರೆಸಿದಾಗ ಮಿಶ್ರಣದ ಶಕ್ತಿ ಶುದ್ಧ ಪೆಟ್ರೋಲಿಗಿಂತ ಶೇ 7ರಷ್ಟು ಕಡಿಮೆ. ಹಿಂದೆ ಶೇ 10 ಎಥನಾಲ್ ಇದ್ದದ್ದರಿಂದ, ಅದರಿಂದ ಇದಕ್ಕೆ ಬಂದಾಗಿನ ಇಳಿಕೆ ಸರಿಸುಮಾರು ಅದರ ಅರ್ಧ. ಇ20ಗೆ ಹೊಂದಿಸಿದ ಕಾರಿನಲ್ಲಿ ಮೈಲೇಜ್ ಇಳಿಕೆ ಶೇ 1ರಿಂದ 2, ಉಳಿದವುಗಳಲ್ಲಿ ಶೇ 3ರಿಂದ 6 ಎಂಬುದು ಪೆಟ್ರೋಲಿಯಂ ಸಚಿವಾಲಯದ ನಿಲುವು. ಕಬ್ಬು ಬೆಳೆಗಾರರಿಗೆ ಹಣ ಸೇರುತ್ತದೆ, ಕಚ್ಚಾ ತೈಲದ ಆಮದು ತಗ್ಗುತ್ತದೆ ಎಂಬುದು ಅದರ ಸಮರ್ಥನೆ. ಕಾರು ಮಾಲೀಕರ ದೂರು ಇಷ್ಟೇ: ಶಕ್ತಿ ಕಡಿಮೆಯಾದರೂ ಬೆಲೆ ಕಡಿಮೆಯಾಗಲಿಲ್ಲ, ಹಳೆಯ ಇಂಧನವನ್ನು ಆಯ್ದುಕೊಳ್ಳುವ ಅವಕಾಶವೂ ಇಲ್ಲ. ಆಯ್ಕೆ ಬೇಕೆಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ದೂರಿನಲ್ಲಿ ಹುರುಳಿದೆ, ಕಡಿಮೆ ಓಡುವ ಸರಕಿಗೆ ಅದೇ ದರ ಎನ್ನುವುದು ನ್ಯಾಯವಲ್ಲ.

ನಮ್ಮ ಲೆಕ್ಕಕ್ಕೆ ಇದರ ಪರಿಣಾಮ ಎಷ್ಟು? ಪೆಟ್ರೋಲ್ ಮೈಲೇಜ್ 13ರಿಂದ 12.5ಕ್ಕೆ ಇಳಿದರೆ ಡೀಸೆಲ್‌ನ ಉಳಿತಾಯ 32 ಪೈಸೆ ಹೆಚ್ಚುತ್ತದೆ, 85,000 ಕಿ.ಮೀ. ಇದ್ದ ಗೆರೆ 74,000ಕ್ಕೆ ಬರುತ್ತದೆ. ತೀರ್ಪನ್ನು ತಿರುಗಿಸುವಷ್ಟಲ್ಲ. ಹಳೆಯ ಕಾರಿನಲ್ಲಿ ಮಾತ್ರ ಎಚ್ಚರ ಬೇಕು: ರಬ್ಬರ್ ಪೈಪು, ಗ್ಯಾಸ್ಕೆಟ್, ಓ-ರಿಂಗ್‌ಗಳನ್ನು ಎಥನಾಲ್ ಬೇಗ ಒಣಗಿಸುತ್ತದೆ, ಸರ್ವಿಸ್‌ನಲ್ಲಿ ಅವನ್ನು ನೋಡಿಸಬೇಕು. ಎಥನಾಲ್ ತೇವವನ್ನು ಹೀರುತ್ತದೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲವಿಡೀ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಿಟ್ಟ ಕಾರಿನ ತಳದಲ್ಲಿ ನೀರು ಬೇರ್ಪಡುವ ಸಾಧ್ಯತೆಯಿದೆ. ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ, ಆದಷ್ಟು ಬೇಗ ಆ ಪೆಟ್ರೋಲ್ ಖರ್ಚು ಮಾಡಿ.

ದೆಹಲಿಯ ಆದೇಶ ಕರ್ನಾಟಕಕ್ಕಲ್ಲ

ಹತ್ತು ವರ್ಷದ ನಿಯಮ ದೆಹಲಿ ಮತ್ತು ಸುತ್ತಲಿನ ಎನ್‌ಸಿಆರ್‌ಗೆ ಸೇರಿದ್ದು. ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. 2025ರ ಆಗಸ್ಟ್ 12ರಂದು ಅದೇ ನ್ಯಾಯಾಲಯ, ವಯಸ್ಸೊಂದನ್ನೇ ನೋಡಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು; ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದರ ಮೇಲಿನ ವಾಹನಗಳಿಗೆ ಸೀಮಿತಗೊಳಿಸಿತು. ಅಂದರೆ ಅಲ್ಲಿಯೂ ಮಾತು ವಯಸ್ಸಿನಿಂದ ಹೊಗೆಯ ಮಾನದಂಡದ ಕಡೆಗೆ ತಿರುಗುತ್ತಿದೆ.

ನಮ್ಮಲ್ಲಿ ಡೀಸೆಲ್ ಆಗಲಿ ಪೆಟ್ರೋಲ್ ಆಗಲಿ ಆರ್‌ಸಿ ಹದಿನೈದು ವರ್ಷ ನಡೆಯುತ್ತದೆ. ಆಮೇಲೆ ಫಿಟ್‌ನೆಸ್ ತೋರಿಸಿ, ಹಸಿರು ತೆರಿಗೆ ಕಟ್ಟಿ ಐದೈದು ವರ್ಷಕ್ಕೆ ನವೀಕರಿಸಬಹುದು. ನವೀಕರಣ ಶುಲ್ಕ ಏರಿದೆ: ಹದಿನೈದು ವರ್ಷ ದಾಟಿದ ಕಾರಿಗೆ 5,000, ಇಪ್ಪತ್ತು ದಾಟಿದ್ದಕ್ಕೆ 2025ರ ಆಗಸ್ಟ್‌ನಿಂದ 10,000. ದೆಹಲಿಯಿಂದ ಅಗ್ಗಕ್ಕೆ ಬರುವ ಹಳೆಯ ಡೀಸೆಲ್ ಎಸ್‌ಯುವಿಗಳ ಆಸೆಗೆ ಬೀಳುವ ಮುನ್ನ ಎನ್‌ಒಸಿ ಕೈಯಲ್ಲಿದೆಯೇ, ಇಲ್ಲಿನ ಆಜೀವ ತೆರಿಗೆ ಎಷ್ಟಾಗುತ್ತದೆ ಎಂದು ನಿಮ್ಮ ಆರ್‌ಟಿಒದಲ್ಲಿ ಕೇಳಿ, ಆಮೇಲೆ ಮುಂಗಡ ಕೊಡಿ.

ಮುಂದೆ ಏನಾಗಬಹುದು

ಡೀಸೆಲ್ ಕಾರಿನ ವಿರುದ್ಧದ ವಾದ ಆರೋಗ್ಯದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. 2023ರಲ್ಲಿ ಪೆಟ್ರೋಲಿಯಂ ಇಲಾಖೆಯ ಮಾಜಿ ಕಾರ್ಯದರ್ಶಿ ತರುಣ್ ಕಪೂರ್ ನೇತೃತ್ವದ ಸಮಿತಿ, ಹತ್ತು ಲಕ್ಷ ಮೀರಿದ ಜನಸಂಖ್ಯೆಯ ನಗರಗಳಲ್ಲಿ 2027ರೊಳಗೆ ಡೀಸೆಲ್ ನಾಲ್ಕು ಚಕ್ರದ ವಾಹನ ನಿಲ್ಲಿಸಬೇಕೆಂದು ಶಿಫಾರಸು ಮಾಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಚಿವ ನಿತಿನ್ ಗಡ್ಕರಿ ಡೀಸೆಲ್ ವಾಹನಗಳಿಗೆ ಶೇ 10 ಹೆಚ್ಚುವರಿ ಜಿಎಸ್‌ಟಿಯ ಮಾತೆತ್ತಿ, ಅಂಥ ಪ್ರಸ್ತಾವ ಸದ್ಯ ಸರ್ಕಾರದ ಮುಂದಿಲ್ಲ ಎಂದು ಅಂದೇ ಸ್ಪಷ್ಟಪಡಿಸಿದರು. ಕಂಪನಿಗಳ ಎದುರುವಾದ: ಬಿಎಸ್-6 ಡೀಸೆಲ್ ಹಳೆಯದರಂತೆ ಮಸಿ ಉಗುಳುವುದಿಲ್ಲ, ಇಂಗಾಲವೂ ಕಡಿಮೆ. ಎರಡನೆಯದು ನಮ್ಮ ಉದಾಹರಣೆಯಲ್ಲೇ ಕಾಣುತ್ತದೆ. ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ, ಪೆಟ್ರೋಲ್ ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್; ಆದರೂ ಮೈಲೇಜ್ ಹೆಚ್ಚಿರುವುದರಿಂದ ಕಿ.ಮೀ. ಲೆಕ್ಕದಲ್ಲಿ ಡೀಸೆಲ್ ಸುಮಾರು 160 ಗ್ರಾಂ, ಪೆಟ್ರೋಲ್ ಸುಮಾರು 177. ಇಬ್ಬರ ಮಾತೂ ಸತ್ಯ, ಒಬ್ಬರು ಊರಿನ ಗಾಳಿಯ ಬಗ್ಗೆ ಹೇಳುತ್ತಿದ್ದಾರೆ, ಇನ್ನೊಬ್ಬರು ಭೂಮಿಯ ಬಿಸಿಯ ಬಗ್ಗೆ.

ನಿಷೇಧಕ್ಕಿಂತ ಮೊದಲು ತಟ್ಟುವುದು ತೆರಿಗೆ. 2024ರ ಜೂನ್‌ನಲ್ಲಿ ಶೇ 14.34 ಇದ್ದ ರಾಜ್ಯದ ಡೀಸೆಲ್ ತೆರಿಗೆ ಹತ್ತು ತಿಂಗಳೊಳಗೆ ಶೇ 21.17ಕ್ಕೆ ಬಂದಿದೆ. ಡೀಸೆಲ್ 96 ರೂಪಾಯಿಗೆ ಏರಿ ಪೆಟ್ರೋಲ್ 103ರಲ್ಲೇ ನಿಂತರೆ ನಮ್ಮ ಎಸ್‌ಯುವಿಯ ಗೆರೆ 85,000ದಿಂದ 98,000 ಕಿ.ಮೀ. ದಾಟುತ್ತದೆ. ಕಾರು ಕೊಂಡ ಮೇಲೆ ಈ ಅಂಕಿಯ ಮೇಲೆ ಮಾಲೀಕರ ಹಿಡಿತವಿಲ್ಲ.

ಊರೊಳಗೇ ಹೆಚ್ಚು ಓಡಿಸುವವರಿಗೆ ಡೀಸೆಲ್‌ನ ಜಾಗವನ್ನು ಈಗ ಎಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವ ಸ್ಟ್ರಾಂಗ್ ಹೈಬ್ರಿಡ್ ಪೆಟ್ರೋಲ್ ಕಾರುಗಳು ತುಂಬುತ್ತಿವೆ. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾದ ಹೈರೈಡರ್, ಹೈಕ್ರಾಸ್ ಅಂಥವು. ಬ್ರೇಕ್ ಹಿಡಿದಾಗ ಬ್ಯಾಟರಿ ತುಂಬಿಕೊಳ್ಳುವುದರಿಂದ, ಡೀಸೆಲ್ ಸೋಲುವ ಸಿಗ್ನಲ್ ಸಾಲಿನಲ್ಲೇ ಇವು ಗೆಲ್ಲುತ್ತವೆ. ಡಿಪಿಎಫ್‌ನ ಕಾಟವೂ ಇಲ್ಲ. ಬೆಲೆ ಮಾತ್ರ ಡೀಸೆಲ್‌ನಷ್ಟೇ ಇಲ್ಲವೇ ಅದಕ್ಕೂ ಮೇಲೆ.

ಸೆಕೆಂಡ್ ಹ್ಯಾಂಡ್ ಡೀಸೆಲ್ ನೋಡುವಾಗ

ಹೆಚ್ಚುವರಿ ಬೆಲೆಯನ್ನೂ ತೆರಿಗೆಯನ್ನೂ ಮೊದಲ ಮಾಲೀಕ ಹೊತ್ತಿರುವುದರಿಂದ, ಹೈವೇ ಓಡಾಟವಿರುವವರಿಗೆ ಹಳೆಯ ಡೀಸೆಲ್ ನಿಜಕ್ಕೂ ಲಾಭ ತರಬಲ್ಲದು. ಬಹುತೇಕ ಬಿಎಸ್-4 ಕಾರುಗಳಲ್ಲಿ ಡಿಪಿಎಫ್ ಇಲ್ಲ. ಅಲ್ಲಿ ಭಯ ಇಂಜೆಕ್ಟರ್, ಟರ್ಬೊ, ಕ್ಲಚ್ಚಿನದು. ಒಂದೊಂದು ಇಂಜೆಕ್ಟರಿಗೇ ಐದಂಕಿಯ ಬಿಲ್ಲಾಗುತ್ತದೆ, ಇರುವುದು ನಾಲ್ಕು. ಮೆಕ್ಯಾನಿಕ್ ಹತ್ತಿರ ಇಂಜೆಕ್ಟರ್ ರಿಟರ್ನ್ ಪರೀಕ್ಷೆ ಮಾಡಿಸಿ: ನಾಲ್ಕೂ ಬಾಟಲಿಯಲ್ಲಿ ವಾಪಸ್ಸು ಬಂದ ಡೀಸೆಲ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಬೇಕು, ಒಂದರಲ್ಲಿ ಏರಿದ್ದರೆ ಆ ಇಂಜೆಕ್ಟರ್ ಸವೆದಿದೆ. ಎಂಜಿನ್ ಆಫ್ ಮಾಡುವಾಗ ಗಡಗಡ ಸದ್ದು ಬಂದರೆ ಫ್ಲೈವೀಲ್ ಮೇಲೆ ಅನುಮಾನ ಪಡಿ.

ಬಿಎಸ್-6 ಆದರೆ ಸೈಲೆನ್ಸರ್ ತಣ್ಣಗಿರುವಾಗ ಬಾಯೊಳಗೆ ಬೆರಳು ಹಾಕಿ ಒರೆಸಿ. ಫಿಲ್ಟರ್ ನೆಟ್ಟಗಿದ್ದರೆ ಬೆರಳಿಗೆ ತೆಳುವಾದ ಧೂಳಷ್ಟೇ ಬರಬೇಕು. ಕಪ್ಪು ಮಸಿ ಹತ್ತಿದರೆ ಫಿಲ್ಟರ್ ಬಿರುಕು ಬಿಟ್ಟಿದೆ ಅಥವಾ ಯಾರೋ ತೆಗೆಸಿದ್ದಾರೆ. ಸರ್ವಿಸ್ ದಾಖಲೆಯಲ್ಲಿ ಮೀಟರ್ ಜೊತೆ ತಾರೀಖನ್ನೂ ನೋಡಿ. ವರ್ಷಕ್ಕೆ ಐದಾರು ಸಾವಿರ ಕಿ.ಮೀ. ಮಾತ್ರ ಓಡಿದ ಬಿಎಸ್-6 ಡೀಸೆಲ್ ಅಂದರೆ ಬಹುಶಃ ಊರೊಳಗೇ ಸುತ್ತಿದ ಕಾರು, ಅದರ ಕಡಿಮೆ ಮೀಟರಿಗೆ ಹೆಚ್ಚು ಬೆಲೆ ಕೊಡಬೇಡಿ. ನೋಡಲು ಹೋಗುವ ಹಿಂದಿನ ರಾತ್ರಿಯೇ ಮಾರುವವರಿಗೆ, ಬೆಳಿಗ್ಗೆ ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿರಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬಿಸಿಯಿದ್ದರೆ ಇನ್ನೊಂದು ದಿನ ಬರುತ್ತೇವೆ ಎಂದು ಹೇಳಿ ಬನ್ನಿ.